ಪುಕ್ಕಟೆ ಚಿತ್ರಗಳೂ ಲಿಫ್ಟ್ ಮೇಷ್ಟ್ರೂ

ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರಿಗೆ ಅನುಮಾನ ಮೈಗೂಡಿರುತ್ತದೆ. ಉಕ್ಕಿನ ಹಗ್ಗ ಗಟ್ಟಿಯಾಗಿದೆ ಎಂದು ಯಾರು ಆಣೆ ಮಾಡಿ ಹೇಳಿದರೂ ತಾವೇ ಬೆರಳಾಡಿಸಿ ನೋಡದೆ ಮೇಷ್ಟ್ರು ಲಿಫ್ಟಿನೊಳಗೆ ಕಾಲಿಡುತ್ತಿರಲಿಲ್ಲ. ಮಂಡಿ ಕೈಕೊಟ್ಟ ಮೇಲೆ ತರಬೇತಿ ಕೇಂದ್ರದಲ್ಲಿ ಪಾಠ ಹೇಳಲು ಸೇರಿದರು. ಅನುಮಾನವೂ ಅವರ ಜೊತೆಗೇ ಬಂತು. ಮನೆಯಲ್ಲಿ ಹೆಂಡತಿ ಒಲೆ ಆರಿಸಿದರೆ, ಎದ್ದು ಹೋಗಿ ಗ್ಯಾಸಿನ ನಾಬನ್ನು ಇನ್ನೊಮ್ಮೆ ತಿರುವಿ ಬರುವರು.

ಅವರ ಪಾಠವನ್ನು ಆನ್‌ಲೈನ್ ಕೋರ್ಸ್ ಮಾಡಲು ಕೇಂದ್ರದವರು ಒಬ್ಬ ವಿನ್ಯಾಸಗಾರ್ತಿಯನ್ನು ನೇಮಿಸಿದರು. ಮೊದಲ ದಿನವೇ ಆಕೆ ಪರದೆಯ ಮೇಲೆ ಲಿಫ್ಟಿನ ಭಾಗಗಳ ನಲವತ್ತು ಚಿತ್ರ ಹರವಿದಳು.

“ಇವೆಲ್ಲ ಮುಕ್ತ ಪರವಾನಗಿ ಇರೋವು ಸರ್. ಬರೆದವರ ಹೆಸರು ಹಾಕಿದ್ರೆ ಸಾಕು. ಬಳಸಬಹುದು, ತಿದ್ದಲೂಬಹುದು.”

“ಪುಕ್ಕಟೆನಾ?”

“ಹೌದು ಸರ್.”

“ಕೊಟ್ಟೋರಿಗೇನಮ್ಮ ಗಿಟ್ಟುತ್ತೆ?”

“ಏನೂ ಇಲ್ಲ.”

“ಹಾಗಾದ್ರೆ ಇದರಲ್ಲಿ ಏನೋ ಮಸಲತ್ತಿದೆ,” ಎಂದು ಮೇಷ್ಟ್ರು ಚಿತ್ರಗಳ ಪಟ್ಟಿಯನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟರು.

ಒಂದೊಂದನ್ನೂ ಜಾಲಾಡಿದರು. ಮೂರನೆಯ ದಿನ ಬ್ರೇಕಿನ ಚಿತ್ರದ ಮೂಲೆಯಲ್ಲಿ ಅರ್ಧ ಕತ್ತರಿಸಿದ ಒಂದು ಸಂಖ್ಯೆ ಕಣ್ಣಿಗೆ ಬಿತ್ತು. ಅವರಿಗೆ ಅದು ಬಾಯಿಪಾಠ. ಒಂದು ಕಂಪನಿ ತನ್ನ ಕೆಲಸಗಾರರಿಗಷ್ಟೇ ಕೊಡುತ್ತಿದ್ದ ಕೈಪಿಡಿಯ ಚಿತ್ರವದು. ಯಾವನೋ ಎತ್ತಿಕೊಂಡು, ತನ್ನದೆಂದು ಜಾಲತಾಣಕ್ಕೆ ಏರಿಸಿಬಿಟ್ಟಿದ್ದ.

“ತನ್ನದಲ್ಲದ್ದನ್ನ ತಗೊಳ್ಳಿ ಅನ್ನೋಕೆ ಇವನ್ಯಾರು?”

ವಿನ್ಯಾಸಗಾರ್ತಿಯ ಮುಖ ಸಣ್ಣಗಾಯಿತು. “ಹಾಕಿದವನ ಮಾತು ನಂಬಿಬಿಟ್ಟೆ ಸರ್,” ಎಂದು ಚಿತ್ರ ತೆಗೆದುಹಾಕಿದಳು.

ಅಲ್ಲಿಂದ ಮೇಷ್ಟ್ರನ್ನು ಹಿಡಿಯುವವರೇ ಇಲ್ಲ. ಆಕೆಯ ಮೇಲೂ ಕಣ್ಣಿಟ್ಟರು. ಆಕೆ ಕಂಪ್ಯೂಟರ್ ಮುಚ್ಚಿದರೆ ಏನು ಬಚ್ಚಿಟ್ಟಳೋ ಎನ್ನಿಸುವುದು. ನಕ್ಕರೆ ಯಾಕೆ ನಕ್ಕಳೋ ಎನ್ನಿಸುವುದು. ಪ್ರಿನ್ಸಿಪಾಲರ ಮುಂದೆ ಸಭೆ ಸೇರಿದಾಗ ಒಂದು ಚಿತ್ರಕ್ಕೆ ಬೆರಳಿಟ್ಟರು. ಹಗ್ಗ ಹರಿದರೆ ಲಿಫ್ಟನ್ನು ಕಚ್ಚಿ ಹಿಡಿಯುವ ಬೆಣೆಯ ಚಿತ್ರ.

“ಇದೂ ಕದ್ದ ಮಾಲೇ ಸರ್. ಬರೆದೋರ ಹೆಸರು ‘ಇರುವೆ’ ಅಂತೆ! ಮುಖ ತೋರಿಸೋಕೆ ಧೈರ್ಯ ಇಲ್ಲ. ಈಯಮ್ಮ ಗೊತ್ತಿದ್ದೂ ಹಾಕಿದಾರೆ.”

ಆಕೆ ತನ್ನ ಹಳೆಯ ಕಡತವೊಂದನ್ನು ತೆರೆದಳು. ಪೆನ್ಸಿಲಿನ ಕರಡುಗಳು, ತಿದ್ದಿದ ಗೆರೆಗಳು, ಕೆಳಗೆ ತಾರೀಖು.

“ಇರುವೆ ನಾನೇ ಸರ್. ಓದೋವಾಗ ಬರೆದಿದ್ದು. ನಮಗೆ ಪುಸ್ತಕ ಸಿಗ್ತಿರಲಿಲ್ಲ. ನಮ್ಮ ಹಿಂದೆ ಬರೋರಿಗಾದ್ರೂ ಸಿಗಲಿ ಅಂತ ಹಾಕಿದ್ದೆ.”

ಮೇಷ್ಟ್ರ ಕಿವಿ ಕೆಂಪಾಯಿತು. ಆ ದಿನ ಊಟ ರುಚಿಸಲಿಲ್ಲ. ಬೇರೆಯವರಿಗೆ ಸಿಗಲಿ ಎಂದಷ್ಟಕ್ಕೇ ಯಾರಾದರೂ ಇಷ್ಟು ಮೈಮುರಿದು ದುಡಿಯುತ್ತಾರೆಯೇ ಎಂಬ ಹುಳು ಮಾತ್ರ ಇನ್ನೂ ಕೊರೆಯುತ್ತಿತ್ತು. ಬೆಳಿಗ್ಗೆ ಆಕೆಯ ಮೇಜಿನ ಪಕ್ಕ ಬಂದು ನಿಂತರು.

“ನಿನ್ನೆ ನಾಲಗೆ ಜಾರಿತು. ತಪ್ಪಾಯ್ತಮ್ಮ.” ಪರದೆಯತ್ತ ಬೆರಳು ತೋರಿಸಿ, “ಆದ್ರೆ ಆ ಬೆಣೆ ತಲೆಕೆಳಗಾಗಿದೆ. ಹಾಗೆ ಕೂರಿಸಿದ್ರೆ ಲಿಫ್ಟು ನಿಲ್ಲಲ್ಲ.”

ಆಕೆ ಬಗ್ಗಿ ನೋಡಿದಳು. ಹಣೆ ಚಚ್ಚಿಕೊಂಡು ನಕ್ಕೇಬಿಟ್ಟಳು. “ಎಂಟು ವರ್ಷ ಆಯ್ತು ಸರ್, ಯಾರೂ ಹೇಳಿರಲಿಲ್ಲ!”

ಇಬ್ಬರೂ ಕೂತು ತಿದ್ದಿದರು. ಹಳೆಯದನ್ನು ಬಳಸಬೇಡಿ ಎಂದು ಜಾಲತಾಣದಲ್ಲಿ ಸೂಚನೆಯನ್ನೂ ಹಾಕಿದರು. ತಿದ್ದಿದವರೆಂದು ಮೇಷ್ಟ್ರ ಹೆಸರು ಸೇರಿಸಲು ಆಕೆ ಹೊರಟಾಗ, ಅವರು ಪರವಾನಗಿಯ ಷರತ್ತುಗಳನ್ನು ನಾಲ್ಕು ದಿನ ಓದಿ, ಅಡಿಗೆರೆ ಎಳೆದು, ಆಮೇಲೆ ಒಪ್ಪಿದರು.

ಕೋರ್ಸ್ ಶುರುವಾಗಿ ಮೂರು ತಿಂಗಳಿಗೆ ದೂರದೇಶದ ಶಿಕ್ಷಕನೊಬ್ಬನ ಪತ್ರ ಬಂತು: ನಿಮ್ಮ ಚಿತ್ರ ಬಳಸಿದ್ದೇನೆ, ನಮ್ಮ ಯಂತ್ರಕ್ಕೆ ಹೊಂದುವಂತೆ ಬದಲಿಸಿದ್ದೇನೆ, ನಿಮ್ಮಿಬ್ಬರ ಹೆಸರೂ ಇದೆ, ನೋಡಿ. ಮೇಷ್ಟ್ರು ಅವನು ಬದಲಿಸಿದ ಚಿತ್ರವನ್ನು ಮುದ್ರಿಸಿಕೊಂಡು, ಸ್ಕೇಲು ಹಿಡಿದು, ಕಿಟಕಿಯ ಬಳಿ ಕೂತರು.

ಗಂಟೆ ಕಳೆದ ಮೇಲೆ ವಿನ್ಯಾಸಗಾರ್ತಿ ಇಣುಕಿದಳು. “ಸಿಕ್ತಾ ಸರ್ ತಪ್ಪು?”

“ಇನ್ನೂ ಇಲ್ಲ,” ಎಂದರು ಮೇಷ್ಟ್ರು, ಕಾಗದದಿಂದ ಕಣ್ಣೆತ್ತದೆ.