ಅಮ್ಮನ ಹಸಿರು ದಾರ

ನಮ್ಮ ನಿಟ್ಟೂರಿನ ಟೈಲರಕ್ಕ ತಿಂಗಳಿಗೊಮ್ಮೆ ಎಂಟು ಮನೆಯ ಖಾಲಿ ಮಾತ್ರೆ ಶೀಟು ಕಟ್ಟಿಕೊಂಡು ಹೊಸನಗರಕ್ಕೆ ಹೋಗಿ ಹೊಸ ಮಾತ್ರೆ ತರುತ್ತಾಳೆ. ಎಲ್ಲರೂ ಹೋದರೆ ಬಸ್ ಚಾರ್ಜು, ದಿನದ ಕೂಲಿ ಎರಡೂ ದಂಡ. ಇಂಗ್ಲಿಷ್ ಓದಲು ಬಾರದ ಅವಳು, ಯಾರಿಗೆ ಯಾವ ಬಣ್ಣದ ಬಟ್ಟೆ ಹೊಲಿದಿದ್ದಳೋ ಅದೇ ಬಣ್ಣದ ದಾರ ಅವರ ಶೀಟಿಗೆ ಸುತ್ತುತ್ತಾಳೆ. ಇವತ್ತಿನವರೆಗೆ ಒಂದು ಮಾತ್ರೆಯೂ ಅದಲುಬದಲಾಗಿಲ್ಲ.

ಕಳೆದ ತಿಂಗಳು ಅಪ್ಪನ ಶೀಟು ಮಾತ್ರ ಕೊಟ್ಟೆ; ಅಮ್ಮನದು ಇನ್ನೂ ಖಾಲಿಯಾಗಿರಲಿಲ್ಲ.

"ಚಿಕ್ಕಮ್ಮನ ಹಸಿರು ದಾರ ಎಲ್ಲಿ?" ಎಂದಳು ಟೈಲರಕ್ಕ. ಅಮ್ಮನನ್ನು ಅವಳು ಚಿಕ್ಕಮ್ಮ ಅಂತಲೇ ಕರೆಯುವುದು.

ವಿಚಾರಿಸಿದರೆ, ಅಪ್ಪನ ಔಷಧಿಗೆ ದುಡ್ಡು ಸಾಲಲಿ ಎಂದು ಅಮ್ಮ ತನ್ನ ಬಿಪಿ ಮಾತ್ರೆ ಮುರಿದು ಅರ್ಧರ್ಧ ನುಂಗುತ್ತಿದ್ದಳು. ಅದೇ ಮನೆಯಲ್ಲಿರುವ ನನಗೆ ಗೊತ್ತಾಗಿರಲಿಲ್ಲ. ನಾಚಿಕೆಯಾಗಿ ಅಮ್ಮನ ಮೇಲೆ ರೇಗಿದೆ.

ಟೈಲರಕ್ಕ ರೇಗಲಿಲ್ಲ. ಈಗ ದಿನಾ ಬೆಳಿಗ್ಗೆ ಮಿಷನ್ ಬಿಟ್ಟು ಬಂದು "ಬಾಯಿ ತೆಗೀರಿ" ಅಂತಾಳೆ. ಅಮ್ಮ ಇಡೀ ಮಾತ್ರೆ ನುಂಗಿ, ಮಗುವಿನ ಹಾಗೆ ನಾಲಿಗೆ ಎತ್ತಿ ತೋರಿಸುತ್ತಾಳೆ.