ಸನಾವುಲ್ಲಾ ಸುತ್ತಿದ ಬ್ಯಾಲನ್

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಸನಾವುಲ್ಲಾ ಸಾಹೇಬರ ಮೋಟಾರ್ ರೀವೈಂಡಿಂಗ್ ಅಂಗಡಿ ಇತ್ತು. ಕರೆಂಟು ಏರಿಳಿದು ತೋಟದ ಮೋಟಾರು ಸುಟ್ಟಿತೆಂದರೆ ಸುತ್ತಲ ಹಳ್ಳಿಯವರು ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಅಲ್ಲಿಗೇ ಬರುತ್ತಿದ್ದರು. ಅಂಗಡಿಯೊಳಗೆ ಸದಾ ವಾರ್ನಿಶ್ ವಾಸನೆ, ಹೊರಗೆ ಒಣಗಿದ ಕೊಬ್ಬರಿಯ ವಾಸನೆ. ಎರಡರ ನಡುವೆ ಸನಾವುಲ್ಲಾ ಇಪ್ಪತ್ತು ವರ್ಷ ತಾಮ್ರದ ತಂತಿ ಸುತ್ತಿದ್ದರು.

ತೊಂಬತ್ತಮೂರರ ಬೇಸಿಗೆಯಲ್ಲಿ ಹಾಲ್ಕುರಿಕೆಯ ಶಂಭುಲಿಂಗಯ್ಯ ಬರಿಗೈಯಲ್ಲಿ ಅಂಗಡಿಗೆ ಬಂದರು. ತೆಂಗಿನ ತೋಟದ ಯಜಮಾನರು, ಗುರುತಿನವರೇ.

"ಸಾಬ್ರೇ, ಮಾತಾಡಕ್ಕೆ ಅಂತ ಮೈಕ್ ಬಾಯಿಗಿಟ್ರೆ ತುಟಿ ಚುರ್ ಅಂತದೆ. ಒಂದು ಕಾಯಿಲ್ ಸುತ್ಕೊಡಬೇಕಲ್ಲ ನೀವು."

"ಯಾವ ಮೈಕು ಅಯ್ನೋರೆ? ಭಜನೆಗಾ?"

ಶಂಭುಲಿಂಗಯ್ಯ ನಕ್ಕರು. ಅವರು ಸರ್ಕಾರದ ಲೈಸೆನ್ಸ್ ಪಡೆದು ಮನೆಯಲ್ಲಿ ಹ್ಯಾಮ್ ರೇಡಿಯೊ ಇಟ್ಟುಕೊಂಡಿದ್ದರು. ದಿನಾ ಬೆಳಗ್ಗೆ ಮೈಸೂರು, ಹುಬ್ಬಳ್ಳಿ, ಮದರಾಸಿನ ಗೆಳೆಯರ ಜೊತೆ ತಂತಿಯಿಲ್ಲದೆ ಮಾತಾಡುವುದು ಅವರ ಹವ್ಯಾಸ. ಊರಲ್ಲಿ ಇದನ್ನು ಬಲ್ಲವರು ಅವರ ಹೆಂಡತಿ ಮೀನಾಕ್ಷಮ್ಮ ಒಬ್ಬರೇ. ಅವರಿಗೂ ಗಂಡ ಗೋಡೆಯ ಜೊತೆ ಮಾತಾಡುತ್ತಾರೆಂಬ ಅನುಮಾನ ಪೂರ್ತಿ ಹೋಗಿರಲಿಲ್ಲ.

ಭಾನುವಾರ ಸನಾವುಲ್ಲಾ ಹಾಲ್ಕುರಿಕೆಗೆ ಹೋದರು. ಎರಡು ತೆಂಗಿನ ಮರಗಳ ನಡುವೆ ಉದ್ದಕ್ಕೆ ತಂತಿ ಕಟ್ಟಿತ್ತು. ಗಾಳಿಗೆ ಮರ ತೂಗಿದಾಗ ಕಿತ್ತು ಹೋಗದಿರಲೆಂದು ಒಂದು ತುದಿಯನ್ನು ರಾಟೆಯ ಮೇಲೆ ಹಾಯಿಸಿ ಕಲ್ಲು ಇಳಿಬಿಟ್ಟಿದ್ದರು. ತಂತಿಯ ನಡುವಿನಿಂದ ಎರಡು ಎಳೆಗಳು ಏಣಿಯಂತೆ ಜೊತೆಜೊತೆಯಾಗಿ ಕಿಟಕಿಗೆ ಇಳಿದಿದ್ದವು.

"ಮೇಲಿಂದ ಬರೋ ಎರಡೆಳೆಯೂ ಸಮಸಮ ಕಣ್ರೀ," ಎಂದು ಶಂಭುಲಿಂಗಯ್ಯ ವಿವರಿಸಿದರು. "ಆದ್ರೆ ರೇಡಿಯೊದಿಂದ ಬರೋ ಕೇಬಲ್‌ನಲ್ಲಿ ಒಳಗಿನ ತಂತಿಗೆ ಮಾತ್ರ ಜೀವ, ಹೊರಗಿನದು ಭೂಮಿಗೆ. ಇವೆರಡನ್ನ ಹಂಗೇ ಜೋಡಿಸಿದ್ರೆ ಕರೆಂಟು ಕೇಬಲ್ ಮೈಮೇಲೆ ವಾಪಸ್ ಹರ್ಕೊಂಡು ಬತ್ತದೆ. ನಡುವೆ ಬ್ಯಾಲನ್ ಅಂತ ಒಂದು ಕಾಯಿಲ್ ಬೇಕು."

"ಇಷ್ಟೇ ತಾನೇ!" ಎಂದರು ಸನಾವುಲ್ಲಾ.

ಇಷ್ಟೇ ಆಗಿರಲಿಲ್ಲ. ಮೋಟಾರಿಗೆ ಸುತ್ತುವಂತೆ ಕಬ್ಬಿಣದ ತಗಡಿನ ಮೇಲೆ ಬಿಗಿಯಾಗಿ ಸುತ್ತಿ, ವಾರ್ನಿಶ್‌ನಲ್ಲಿ ಅದ್ದಿ ಒಣಗಿಸಿ, ಹೆಮ್ಮೆಯಿಂದ ತಂದರು. ಶಂಭುಲಿಂಗಯ್ಯ ಮೈಕ್ ಒತ್ತಿ ಎರಡು ಮಾತಾಡುವಷ್ಟರಲ್ಲಿ ಕಾಯಿಲ್ ಬಿಸಿಯಾಗಿ, ವಾಸನೆ ಬಂದು, ಹೊಗೆ ಎದ್ದಿತು. ಮೀನಾಕ್ಷಮ್ಮ ಅಡುಗೆಮನೆಯಿಂದ ಓಡಿ ಬಂದು, "ಮನೆ ಸುಡಬ್ಯಾಡಿ ಕಣ್ರಪ್ಪಾ," ಎಂದು ಇಬ್ಬರನ್ನೂ ಗದರಿದರು.

ಸುಟ್ಟ ಕಾಯಿಲ್ ಸನಾವುಲ್ಲಾರಿಗೆ ಹೊಸದೇನಲ್ಲ, ಆದರೆ ತಾವೇ ಸುತ್ತಿದ್ದು ಸುಟ್ಟಿದ್ದು ಅದೇ ಮೊದಲು. ಊಟ ರುಚಿಸಲಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ಕರೆಂಟನ್ನು ಮೋಟಾರಿನ ಕಬ್ಬಿಣ ತಾಳಿಕೊಳ್ಳದು, ಅದಕ್ಕೆ ಫೆರೈಟ್ ಬೇಕೆಂದು ಶಂಭುಲಿಂಗಯ್ಯ ಪುಸ್ತಕ ನೋಡಿ ಹೇಳಿದರು. ಕೆಟ್ಟ ಟಿ.ವಿ.ಗಳ ಒಳಗೆ ಕರಿ ಕಲ್ಲಿನಂತಹ ಉಂಗುರ ಇರುತ್ತದಲ್ಲ, ಅದೇ. ಸನಾವುಲ್ಲಾ ಟಿ.ವಿ. ರಿಪೇರಿಯವರ ಗುಜರಿಯಲ್ಲಿ ಹುಡುಕಿ ಒಂದಿಷ್ಟು ತಂದರು. ಮೂರು ತಂತಿಗಳನ್ನು ಜಡೆ ಹಾಕದೆ, ಒಂದರ ಪಕ್ಕ ಒಂದು ಮಲಗಿಸಿ ಸುತ್ತಿದರು. ಬಿಚ್ಚಿದರು. ಮತ್ತೆ ಸುತ್ತಿದರು. ಕೊನೆಗೊಂದು ದಿನ ಶಂಭುಲಿಂಗಯ್ಯ ಮೈಕನ್ನು ತುಟಿಗೆ ತಾಗಿಸಿಯೇ ಮಾತಾಡಿದರು. ಚುರ್ ಅನ್ನಲಿಲ್ಲ.

ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಮಳೆಗಾಲ ಬಂದಾಗ ಇನ್ನೊಂದು ತಾಪತ್ರಯ. ತೆಂಗಿನ ಗರಿಗಳು ನೆನೆದು ತಂತಿಗೆ ಒರಗಿದರೆ ಆಂಟೆನಾದ ಹದವೇ ಕೆಟ್ಟು, ರೇಡಿಯೊ ಕಳಿಸಿದ್ದರಲ್ಲಿ ಅರ್ಧ ಹಿಂದಕ್ಕೆ ಬರುತ್ತಿತ್ತು. ಅದನ್ನು ಕೂತಲ್ಲೇ ಸರಿಪಡಿಸಲು ಟ್ಯೂನರ್ ಬೇಕು. ಸನಾವುಲ್ಲಾ ಪಿ.ವಿ.ಸಿ. ಪೈಪಿನ ತುಂಡಿಗೆ ದಪ್ಪ ತಾಮ್ರ ಸುತ್ತಿ, ಅಲ್ಲಲ್ಲಿ ಎಳೆ ಹೊರತೆಗೆದರು. ಹಳೆಯ ವಾಲ್ವ್ ರೇಡಿಯೊದಲ್ಲಿ ಸ್ಟೇಷನ್ ಹಿಡಿಯಲು ತಿರುಗಿಸುವ, ತಗಡಿನ ರೆಕ್ಕೆಗಳ ಗ್ಯಾಂಗ್ ಕಂಡೆನ್ಸರ್ ಹಾಕಿದಾಗ ರೆಕ್ಕೆಗಳ ನಡುವೆ ಕಿಡಿ ಹಾರಿತು. ಆಗ ಒಂದು ಬಿಟ್ಟು ಒಂದು ರೆಕ್ಕೆ ಕಿತ್ತು, ನಡುವಿನ ಜಾಗ ಹೆಚ್ಚಿಸಿದರು. ಕಿಡಿ ನಿಂತಿತು. ಪಾತ್ರೆ ಅಂಗಡಿಯ ತೋಂಟದಾರ್ಯ ಎಲ್ಲವನ್ನೂ ಕೂರಿಸಲು ಅಲ್ಯೂಮಿನಿಯಂ ತಗಡು ಬಗ್ಗಿಸಿ ಡಬ್ಬಿ ಮಾಡಿಕೊಟ್ಟ. ಗುಂಡಿ ತಿರುಗಿಸುತ್ತಾ ಹೋದಂತೆ ಹಿಂದಕ್ಕೆ ಬರುವುದನ್ನು ಅಳೆಯುವ ಮೀಟರಿನ ಮುಳ್ಳು ಮೆಲ್ಲಗೆ ಸೊನ್ನೆಗೆ ಇಳಿದು ಕೂತದ್ದನ್ನು ನೋಡಿ ಸನಾವುಲ್ಲಾ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಶಂಭುಲಿಂಗಯ್ಯ ರೇಡಿಯೊದಲ್ಲಿ ಹೊಗಳಿದ್ದೇ ತಡ, ಹಾಸನ, ಮೈಸೂರಿನ ಹವ್ಯಾಸಿಗಳು ತಮಗೂ ಬೇಕೆಂದರು. ಮೋಟಾರಿನ ಕೆಲಸ ಮುಗಿಸಿ ಸಂಜೆ ಸಂಜೆ ಸನಾವುಲ್ಲಾ ಮನೆಯ ಹಜಾರದಲ್ಲಿ ಕೂತು ಟ್ಯೂನರ್ ಕಟ್ಟತೊಡಗಿದರು. ಎದುರಿಗೆ ಹೆಂಡತಿ ಖುರ್ಷಿದ್ ಬೇಗಂ ಮಷಿನ್ನಿನಲ್ಲಿ ರವಿಕೆ ಹೊಲಿಯುತ್ತಿದ್ದರು. ಆ ಸಂಜೆಗಳು ಎಷ್ಟು ಚೆಂದವಿದ್ದವು ಎಂಬುದು ಇಬ್ಬರಿಗೂ ಆಮೇಲಷ್ಟೇ ಗೊತ್ತಾಯಿತು.

ತಾವೂ ಲೈಸೆನ್ಸ್ ತೆಗೆದುಕೊಳ್ಳಬೇಕೆಂಬ ಆಸೆ ಹುಟ್ಟಿದ್ದು ಆಗಲೇ. ಪರೀಕ್ಷೆಗೆ ಮೋರ್ಸ್ ಕಲಿಯಬೇಕು. ಕಿರು ಸದ್ದು, ದೀರ್ಘ ಸದ್ದು ಕೇಳಿ ಇಂಗ್ಲಿಷ್ ಅಕ್ಷರ ಬರೆಯಬೇಕು. ಶಂಭುಲಿಂಗಯ್ಯ ಕ್ಯಾಸೆಟ್ ಕೊಟ್ಟರು. ಸನಾವುಲ್ಲಾ ಕಣ್ಣು ಮುಚ್ಚಿ ಕೇಳುವರು, ಬರೆಯುವರು, ಹೊಡೆದು ಹಾಕುವರು. ಒಂದು ಸಂಜೆ ಮಷಿನ್ ನಿಲ್ಲಿಸದೆಯೇ ಖುರ್ಷಿದ್ ಬೇಗಂ ಹೇಳಿದರು:

"ಅದು ಎಲ್ ಅಲ್ಲ ರೀ. ಎಫ್."

"ನಿಂಗೆ ಹೆಂಗೆ ಗೊತ್ತು?"

"ದಿನಾ ಕೇಳ್ತೀನಲ್ಲ. ಮಷಿನ್ ತುಳಿಯೋ ಲಯದ ಹಾಗೇ ಐತೆ."

ತುರುವೇಕೆರೆಯಲ್ಲಿ ಹತ್ತನೆಯವರೆಗೆ ಓದಿದ ಹೆಂಗಸು. ಶಂಭುಲಿಂಗಯ್ಯನವರಿಗೆ ವಿಷಯ ತಿಳಿದು, "ತಂಗೀ, ನೀನೂ ಅರ್ಜಿ ಹಾಕು," ಎಂದರು. ಸನಾವುಲ್ಲಾ ಹೆಂಡತಿಗೆ ಬ್ಯಾಲನ್ ಬಿಚ್ಚಿ ತೋರಿಸಿ, ಕಾಯಿಲ್ ಯಾಕೆ, ಕಂಡೆನ್ಸರ್ ಯಾಕೆ ಎಂದು ಹೇಳಿಕೊಟ್ಟರು. ಇಬ್ಬರೂ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದರು. ಖುರ್ಷಿದ್ ಪಾಸಾದರು. ಸನಾವುಲ್ಲಾ ಮೋರ್ಸ್‌ನಲ್ಲಿ ಫೇಲಾದರು.

ಫಲಿತಾಂಶ ತಿಳಿದ ದಿನ ಸನಾವುಲ್ಲಾ ಹೆಂಡತಿಯ ಜೊತೆ ಮಾತಾಡಲಿಲ್ಲ. ಮಾರನೆಯ ದಿನವೂ ಸುಮ್ಮನೆ ತಿಂಡಿ ತಿಂದು ಅಂಗಡಿಗೆ ನಡೆದರು. ಮೂರನೆಯ ಸಂಜೆ ಅವರೇ ಒಂದು ಫೆರೈಟ್ ಉಂಗುರ ತಂದು ಹೆಂಡತಿಯ ಮುಂದಿಟ್ಟು, "ನಿನ್ನ ಸ್ಟೇಷನ್ನಿಗೆ ಬ್ಯಾಲನ್ ಬೇಡ್ವಾ?" ಎಂದರು. ಅವರು ಮತ್ತೆ ಪರೀಕ್ಷೆಗೆ ಕೂರಲೇ ಇಲ್ಲ. "ನಂಗೆ ಕೈಗೆ ಬತ್ತದೆ, ಕಿವಿಗೆ ಬರಲ್ಲ," ಎನ್ನುತ್ತಿದ್ದರು.

ಲೈಸೆನ್ಸ್ ಬರಲು ವರ್ಷದ ಮೇಲಾಯಿತು. ವಿಚಾರಣೆಗೆ ಬಂದ ಪೊಲೀಸಿನವರು ವೈರ್‌ಲೆಸ್ ಎಂಬ ಮಾತಿಗೇ ಹುಬ್ಬೇರಿಸಿ, "ಯಾರ ಜೊತೆ ಮಾತಾಡಕ್ಕಮ್ಮ ಇದು?" ಎಂದು ಕೇಳಿದರು. ಪೊಲೀಸರು ಬರುವ ಸುದ್ದಿ ಕೇಳಿ ಹಾಲ್ಕುರಿಕೆಯಿಂದ ಬಂದಿದ್ದ ಶಂಭುಲಿಂಗಯ್ಯ ಜಗಲಿಯ ಮೇಲೆ ಕೂತು, "ನನ್ನ ಜೊತೆ ಕಣ್ರೀ. ನನ್ನದೂ ಇದೇ ಲೈಸೆನ್ಸು, ನೋಡ್ಕಳಿ," ಎಂದು ಮುಂದಿಟ್ಟರು. ಚಹಾ ಕುಡಿದು ಹೋದ ಪೊಲೀಸರು ಒಳ್ಳೆಯ ವರದಿಯನ್ನೇ ಬರೆದರು.

ಒಂದು ಹಳೆಯ ಹ್ಯಾಮ್ ರೇಡಿಯೊ ಕೊಂಡು, ತಾರಸಿಯಿಂದ ಪಕ್ಕದ ಕೆಂಪಕ್ಕನ ಹಿತ್ತಲ ತೆಂಗಿನ ಮರಕ್ಕೆ ತಂತಿ ಬಿಗಿದರು. ಮೊದಲ ಬೆಳಗ್ಗೆ ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತ ಖುರ್ಷಿದ್ ಮೈಕ್ ಕೈಗೆತ್ತಿಕೊಂಡರು. ಸನಾವುಲ್ಲಾ ಟ್ಯೂನರ್ ತಿರುಗಿಸಿ ಮುಳ್ಳನ್ನು ಇಳಿಸಿ, ಹೂಂ, ಮಾತಾಡು ಎಂದು ಸನ್ನೆ ಮಾಡಿದರು. ಆಕೆ ಲೈಸೆನ್ಸಿನಲ್ಲಿ ಕೊಟ್ಟಿದ್ದ ತಮ್ಮ ಕರೆಹೆಸರು ಹೇಳಿದರು. ಗರಗರ ಸದ್ದಿನ ನಡುವೆ ಶಂಭುಲಿಂಗಯ್ಯನವರ ದನಿ: "ಚೆನ್ನಾಗಿ ಕೇಳ್ತೈತೆ ತಂಗೀ. ಸಾಬ್ರಿಗೂ ಹೇಳು." ಅವತ್ತಿನಿಂದ ಬೆಳಗಿನ ಚಹಾ ರೇಡಿಯೊ ಮುಂದೆಯೇ. ಮೈಸೂರಿನವರು ಮಳೆಯ ಸುದ್ದಿ ಕೇಳುವರು. ಅಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ, ಶಂಭುಲಿಂಗಯ್ಯ ಕೊಬ್ಬರಿಯ ರೇಟು ಎತ್ತಿದರೆ ಎಲ್ಲರೂ ನಗುವರು.

ಎರಡು ಸಾವಿರದ ಇಸವಿಯ ನಂತರ ಒಳಗೇ ಟ್ಯೂನರ್ ಇರುವ ರೇಡಿಯೊಗಳು ಬಂದವು. ಸನಾವುಲ್ಲಾರನ್ನು ಕೇಳಿ ಬರುವವರು ಕಡಿಮೆಯಾದರು. ಅವರಿಗೂ ಸಣ್ಣ ತಂತಿ ಕಾಣಿಸುವುದು ಕಷ್ಟವಾಗಿತ್ತು, ಬೇಸರಪಟ್ಟುಕೊಳ್ಳಲಿಲ್ಲ.

ಎರಡು ಸಾವಿರದ ಐದರ ಮಾಘದಲ್ಲಿ ಶಂಭುಲಿಂಗಯ್ಯ ತೀರಿಕೊಂಡರು. ತಿಥಿ ಕಳೆದ ಮೇಲೆ ಮೀನಾಕ್ಷಮ್ಮ ಹೇಳಿ ಕಳಿಸಿದರು. ಗಂಡ ಹೆಂಡತಿ ಹೋದಾಗ ಮರ ಹತ್ತುವ ಲಕ್ಷ್ಮಯ್ಯ ತಂತಿಯನ್ನು ಇಳಿಸಿ ಸುತ್ತಿಟ್ಟಿದ್ದ. ಸನಾವುಲ್ಲಾ ಕಿಟಕಿಯ ಪಕ್ಕದಲ್ಲಿ ಬ್ಯಾಲನ್ ಇಟ್ಟಿದ್ದ ಡಬ್ಬಿ ಬಿಚ್ಚಿದರು. ಒಳಗೆ ಹಲ್ಲಿಯ ಒಣಗಿದ ಮೊಟ್ಟೆಗಳು, ಜೇಡರ ಬಲೆ. ಊದಿ ನೋಡಿದರೆ ಸುತ್ತು ಒಂದೂ ಸಡಿಲಾಗಿರಲಿಲ್ಲ.

"ತಗಂಡೋಗಿ ಅಣ್ಣ," ಎಂದರು ಮೀನಾಕ್ಷಮ್ಮ. "ಬೆಳಗ್ಗೆ ಎದ್ರೆ ಮನೆ ಬಿಕೋ ಅಂತದೆ. ಅವರು ಯಾರ ಜೊತೆ ಮಾತಾಡ್ತಿದ್ರೋ, ಅವರಿಗೆಲ್ಲ ನೀವೇ ಹೇಳಿಬುಡಿ."

ಮರುದಿನ ಬೆಳಗ್ಗೆ ಖುರ್ಷಿದ್ ಬೇಗಂ ಮೈಕ್ ಹಿಡಿದು ಸುದ್ದಿ ಹೇಳಿದರು. ಆಮೇಲೆ ಒಬ್ಬೊಬ್ಬರೇ ದನಿಗೂಡಿಸಿದರು. ಯಾರೋ ಶಂಭುಲಿಂಗಯ್ಯ ಮೊದಲ ಸಲ ಹೊಗೆ ಎಬ್ಬಿಸಿದ ಕತೆ ತೆಗೆದರು, ಅವರೇ ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದರಂತೆ. ಮೈಸೂರಿನವರೊಬ್ಬರು, "ಕಾಯಿಲ್ ಸುತ್ತಿದ ಸಾಹೇಬರು ಪಕ್ಕದಲ್ಲಿದ್ದಾರಾ?" ಎಂದು ಕೇಳಿದರು.

ಖುರ್ಷಿದ್ ಗಂಡನತ್ತ ನೋಡಿದರು. ಸನಾವುಲ್ಲಾ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದರು.

"ಇದಾರೆ," ಎಂದರು ಆಕೆ. "ಕೇಳ್ತಾ ಇದಾರೆ. ನೀವು ಹೇಳಿ."

ಒಬ್ಬರಾದ ಮೇಲೊಬ್ಬರು ಹೇಳುತ್ತಲೇ ಹೋದರು. ಅವತ್ತು ಅಂಗಡಿ ಬಾಗಿಲು ತೆರೆದದ್ದು ಮಧ್ಯಾಹ್ನದ ಮೇಲೆ.