ಎಳ್ಳು ಬೀರಲು ಬಂದ ಗುಬ್ಬಿಯ ಹುಡುಗಿ

ಎಳ್ಳು ಬೀರಲು ಬಂದ ಮಗುವಿಗೆ ಯಾರಾದರೂ ಹತ್ತು ರೂಪಾಯಿ ಕೊಟ್ಟು ಕಳಿಸುತ್ತಾರೆಯೇ?

ಕಳಿಸುತ್ತಾರೆ. ನಮ್ಮ ಶೆಟ್ಟಿಹಳ್ಳಿಯಲ್ಲೇ, ಈ ಸಂಕ್ರಾಂತಿಯ ಸಂಜೆ, ನನ್ನ ಕಣ್ಣೆದುರೇ.

ಎದುರು ಮನೆಯ ನಾಗರತ್ನಮ್ಮನವರಿಗೆ ಎಳ್ಳು ಕೊಡಲು ಹೋಗಿದ್ದೆ. ನನ್ನ ತಟ್ಟೆಗೆ ಅವರ ಮನೆಯ ಎಳ್ಳಿನ ಪೊಟ್ಟಣ, ಕಬ್ಬಿನ ತುಂಡು, ಸಕ್ಕರೆ ಅಚ್ಚು ಬಂದಿದ್ದವು. ಕಾಫಿಯೂ ಬಂತು. ಕಾಫಿಯ ಜೊತೆ ಅವರ ಮಾಮೂಲಿ ಭಾಷಣ.

"ಎಲ್ಲೆಲ್ಲಿಂದ್ಲೋ ಬಂದು ತುಂಬ್ಕೊಂಡವ್ರೆ ಕಣ್ರೀ. ನಮ್ ಭಾಷೆ ಬೇಡ, ನಮ್ ಪದ್ಧತಿ ಬೇಡ. ನಮ್ ಜೊತೆ ಬೆರೆಯೋದೇ ಇಲ್ವಲ್ಲ ಇವ್ರು."

ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಬಂದವಳು ಬಿನಿತಾ. ಮೂಲೆಮನೆಯಲ್ಲಿ ಬಾಡಿಗೆಗಿರುವ ನೇಪಾಳಿ ದಂಪತಿಯ ಮಗಳು. ಸರ್ಕಾರಿ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವನು. ಇವಳು ಹುಟ್ಟಿದ್ದು ಗುಬ್ಬಿಯಲ್ಲಿ. ಅಲ್ಲಿನ ಮನೆ ಓನರ್ ಅಜ್ಜಿಯೇ ಇವಳ ಅಮ್ಮ ಮಾಯಾಗೆ ಕನ್ನಡ ಕಲಿಸಿದ್ದು, ಎಳ್ಳು-ಬೆಲ್ಲ ಮಾಡುವುದನ್ನೂ ಕಲಿಸಿದ್ದು. ಹಬ್ಬದ ಹಿಂದಿನ ವಾರ ಮಾಯಾ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ತಾರಸಿಯ ಬಿಸಿಲಿಗೆ ಹರವಿ, ಕಾಗೆ ಓಡಿಸುತ್ತಾ ಕೂತಿದ್ದನ್ನು ನಾನು ನೋಡಿದ್ದೇನೆ. (ನಮ್ಮನೆಯದು ಅಂಗಡಿಯ ರೆಡಿಮೇಡ್ ಪ್ಯಾಕೆಟ್. ನಾಗರತ್ನಮ್ಮನವರದ್ದೂ ಅದೇ.)

ಹಸಿರು ಲಂಗ, ಜಡೆಗೆ ಸೇವಂತಿಗೆ. "ಆಂಟಿ, ಎಳ್ಳು ಬೀರಕ್ ಬಂದಿದೀನಿ."

ನಾಗರತ್ನಮ್ಮ ತಟ್ಟೆ ಇಸಿದುಕೊಂಡು ಒಳಗೆ ಹೋದರು. ವಾಪಸ್ ತಂದಾಗ ತಟ್ಟೆ ಖಾಲಿ.

ಹಬ್ಬದ ದಿನ ಬಂದ ತಟ್ಟೆಯನ್ನು ನಮ್ಮಲ್ಲಿ ಖಾಲಿ ಕಳಿಸುವುದಿಲ್ಲ. ಎಳ್ಳಿಗೆ ಎಳ್ಳು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಸರಿ. ಇದು ನಾಗರತ್ನಮ್ಮನಿಗೆ ಗೊತ್ತಿಲ್ಲವೇ?

ಮಗುವಿಗೆ ಗೊತ್ತಿತ್ತು. ನಿಂತಲ್ಲೇ ನಿಂತು ಕೇಳಿದಳು. "ತಟ್ಟೆ ಖಾಲಿ ಕೊಡಬಾರ್ದಲ್ವಾ ಆಂಟಿ?"

"ಓ, ಅದಾ" ಎಂದು ಅವರು ಪರ್ಸಿನಿಂದ ಹತ್ತರ ನೋಟು ತೆಗೆದು ತಟ್ಟೆಗೆ ಹಾಕಿದರು. "ಚಾಕ್ಲೇಟ್ ತಗೋ ಹೋಗು."

ಟೀಪಾಯಿಯ ಮೇಲೆ ಎಳ್ಳಿನ ಪೊಟ್ಟಣಗಳು ರಾಶಿ ಬಿದ್ದಿದ್ದವು. ಹುಡುಗಿ ಅವನ್ನೇ ನೋಡುತ್ತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತಟ್ಟೆಯಲ್ಲಿದ್ದದ್ದನ್ನೆಲ್ಲ ಅವಳ ತಟ್ಟೆಗೆ ಹಾಕಿದೆ.

"ಅಯ್ಯೋ, ಅದು ನಿಮಗ್ ಕೊಟ್ಟಿದ್ದು ಕಣ್ರೀ" ಎಂದರು ನಾಗರತ್ನಮ್ಮ.

"ಹೌದು ಆಂಟಿ, ಇದು ನಿಮಗ್ ಕೊಟ್ಟಿದ್ದು" ಎಂದಳು ಹುಡುಗಿಯೂ. ಒಂದೊಂದನ್ನೂ ಜೋಪಾನವಾಗಿ ನನ್ನ ತಟ್ಟೆಗೆ ವಾಪಸ್ ಇಟ್ಟಳು. ನೋಟನ್ನು ಟೀಪಾಯಿಯ ಮೇಲಿಟ್ಟಳು. ಖಾಲಿ ತಟ್ಟೆ ಹಿಡಿದುಕೊಂಡು ಹೋದಳು.

"ನೋಡಿದ್ರಾ ಪೊಗರು?"

"ಒಂದು ಪೊಟ್ಟಣ ಕೊಟ್ಟಿದ್ರೆ ಏನಾಗ್ತಿತ್ತು?" ಎಂದೆ.

"ಎಳ್ಳು ಬೀರೋದು ನಮ್ ನಮ್ಮೋರಿಗೆ ಕಣ್ರೀ. ಇವತ್ತು ಎಳ್ಳು ಕೊಟ್ರೆ ನಾಳೆ ಅರಿಶಿನ-ಕುಂಕುಮಕ್ಕೂ ಕರೀಬೇಕಾಗುತ್ತೆ."

ಬೆರೆಯುವುದಿಲ್ಲ ಎಂದು ಗೊಣಗಿದವರು ಇವರೇ ತಾನೇ? ಕಾಫಿ ಇನ್ನೂ ಆರಿರಲಿಲ್ಲ.

ನಾನು ಕುಣಿಗಲ್‌ನಿಂದ ಈ ಬೀದಿಗೆ ಬಂದ ವಾರವೇ ಇದೇ ನಾಗರತ್ನಮ್ಮ ಮನೆಗೆ ಬಂದು ಕುಂಕುಮಕ್ಕೆ ಕರೆದಿದ್ದರು. ನನಗೆ ಯಾವ ಪರೀಕ್ಷೆಯೂ ಇರಲಿಲ್ಲ. ಮಾಯಾಗೆ ಮಾತ್ರ ದೊಡ್ಡ ಸಿಲಬಸ್ಸು. ಭಾಷೆ ಕಲಿ, ಹಬ್ಬ ಕಲಿ, ಮಗಳಿಗೆ ಲಂಗ ಹಾಕು. ಎಲ್ಲದರಲ್ಲೂ ಪಾಸಾಗಿ ಬಂದರೆ ಸೀಟೇ ಇಲ್ಲ. ನಾಚಿಕೆಯಾಗಬೇಕು ನಮಗೆ.

ಮಾರನೇ ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಮಾಯಾ ಸಿಕ್ಕಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು.

"ಅಕ್ಕ, ನಿಜ ಹೇಳಿ. ಕೊಬ್ಬರಿ ದಪ್ಪ ಹೆಚ್ಬಿಟ್ಟಿದ್ನಾ?"

ಏನಾದರೊಂದು ಸುಳ್ಳು ಹೇಳೋಣವೆಂದರೆ, ಅವಳಿಗೀಗ ಕನ್ನಡ ತುಂಬಾ ಚೆನ್ನಾಗಿ ಅರ್ಥವಾಗುತ್ತದೆ.